ಕಪಾಂಬ್ವೆ ಬಾವನ ಒಡ್ಡು

ಮ್ವಾಂಬೆ ದಿಬ್ಬ, ಬಾಂಗ್ವೇಲು ಜೌಗು
೧೪ ಆಗಸ್ಟ್

ಚಾಲ್ವೆಯ ಅಪ್ಪನಿಗೆ, ಪ್ರೀತಿಯಿಂದ.

ಕಾಲಿನ ಮೂಳೆ ಕೂಡುತ್ತಿದೆಯೆ? ಆಸ್ಪತ್ರೆಯ ಊಟ ಸಪ್ಪೆಯೆಂದು ಹಟ ಹಿಡಿಯದೆ ಉಣ್ಣಿ. ನಾವು ಚೆನ್ನಾಗಿದ್ದೇವೆ. ಚಾಲ್ವೆ ನಿಮ್ಮ ಹಾಗೆಯೇ ನಿದ್ದೆಯಲ್ಲೂ ದೋಣಿ ನಡೆಸುತ್ತಾಳೆ. ಒದೆ ತಿನ್ನುವವಳು ನಾನು.

ನಿಮ್ಮ ಬದಲು ಗೂಡಿನ ಕಾವಲು ನಾನೇ ನೋಡಿಕೊಳ್ಳುತ್ತಿದ್ದೇನೆ. ಬೂಟಿನಂಥ ಕೊಕ್ಕಿನ ನಮ್ಮ ಹಕ್ಕಿಗೆ ಈ ಸಲ ಉಳಿದದ್ದು ಒಂದೇ ಮರಿ. ಮೊನ್ನೆ ದುರ್ಬೀನು ಹಿಡಿದು ಬಂದ ದಂಪತಿ ಬೆಳಗಿನಿಂದ ಅಲುಗದೆ ಕೂತರು, ಹಕ್ಕಿಯೂ ಅಲುಗಲಿಲ್ಲ. ಕೊನೆಗೆ ಸೋತು ಸೀನಿದವರು ಆ ಯಜಮಾನರೇ. ಆದರೆ ನನಗೆ ನಗು ಬರಲಿಲ್ಲ. ಗೂಡಿನ ಸುತ್ತಲ ನೀರು ಇಳಿದುಹೋಗಿತ್ತು. ತಾಯಿ ದೂರ ಹಾರಿ ಬರಿಗೊಕ್ಕಿನಲ್ಲಿ ಮರಳುತ್ತಿತ್ತು, ಮರಿ ತಲೆ ಎತ್ತುವುದನ್ನೇ ಬಿಟ್ಟಿತ್ತು. ಕಾಲುವೆ ಹಿಡಿದು ಮೇಲೆ ಹೋಗಿ ನೋಡಿದರೆ, ನಿಮ್ಮ ಅಣ್ಣ ಕಪಾಂಬ್ವೆ ಬಾವ ಮೀನಿಗೆಂದು ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿ, ಸಂದಿಗಳಲ್ಲಿ ಬುಟ್ಟಿ ಇಟ್ಟಿದ್ದರು. ಹಗೆಯಿಂದಲ್ಲ. ಪ್ರತಿವರ್ಷ ಕಟ್ಟುವ ಜಾಗವೇ ಅದು; ಹಕ್ಕಿ ಈ ವರ್ಷ ಅದರ ಕೆಳಗೆ ಗೂಡು ಮಾಡಿದೆ, ಅಷ್ಟೆ.

ಮೀನು ಹಿಡಿಯಬಾರದ ತಿಂಗಳಲ್ಲಿ ಅವರ ಬಲೆಯನ್ನು ನೀವು ಕಿತ್ತಂದಿನಿಂದ ನೀವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡಿಲ್ಲ. ಆದರೂ ಅವರ ಮನೆಗೆ ಹೋಗಿ ಮರಿಯ ಪಾಡು ಹೇಳಿದೆ. ಅವರು ಬುಟ್ಟಿ ಹೆಣೆಯುತ್ತಲೇ, “ಗಂಡ ಬಲೆ ಕಿತ್ತ, ಹೆಂಡತಿ ಒಡ್ಡು ಕೀಳೋಕೆ ಬಂದಳು. ನಾಳೆ ಆ ಹಕ್ಕೀನೇ ಬಂದು ಮನೆ ಬಿಡು ಅನ್ನುತ್ತೋ ಏನೋ” ಅಂದರು. “ಹಕ್ಕಿ ಬಂದ್ರೆ ಒಂದು ಲೋಟ ನೀರಾದ್ರೂ ಕೊಡಿ ಬಾವ, ನನಗಂತೂ ಕೊಡಲಿಲ್ಲ” ಅಂದೆ. ನಕ್ಕು ನಿಮ್ಮ ಅತ್ತಿಗೆಯ ಕೈಯಲ್ಲಿ ನೀರು ಕೊಡಿಸಿದರು. ಮತ್ತೆ ಬುಟ್ಟಿ ಹೆಣೆಯತೊಡಗಿದರು.

ಮರುದಿನ ಬೆಳಿಗ್ಗೆ ಹೋದರೆ ಎದೆಮಟ್ಟದ ನೀರಿನಲ್ಲಿ ನಿಂತು ತಾವೇ ಗುದ್ದಲಿಯಿಂದ ಒಡ್ಡು ಒಡೆಯುತ್ತಿದ್ದರು. ಈ ಸಲದ ಮೀನೆಲ್ಲ ಅವರ ಮುಂದೆಯೇ ಕೆಳಗೆ ಹರಿದುಹೋಯಿತು. ಸಂಜೆಯೊಳಗೆ ತಾಯಿಹಕ್ಕಿ ಹಾವುಮೀನು ತಂದಿತು. ಮರಿ ನುಂಗಿ, ಎದ್ದು ನಿಂತಿತು. ನಾನು ಜೊಂಡಿನ ನಡುವೆ ಕೂತು ಅತ್ತೆ. ಇಷ್ಟು ದೊಡ್ಡ ಉಪಕಾರಕ್ಕೆ ಬಾವನಿಗೆ ಒಂದು ಬುಟ್ಟಿ ಗೆಣಸು ಕೊಟ್ಟು ಬಂದೆ.

ದೇವರು ನಿಮ್ಮನ್ನು ಕಾಯಲಿ. ಮಗಳ ಮುತ್ತುಗಳೂ ಇದರ ಜೊತೆಗಿವೆ.

ನಿಮ್ಮ
ಚಾಲ್ವೆಯ ಅಮ್ಮ

ಮರೆತಿದ್ದೆ: ಇದನ್ನು ನಿಮಗೆ ಬರೆಯಬೇಡ ಎಂದಿದ್ದರು ಬಾವ. “ನಾನು ರಾಜಿಗೆ ಬಂದೆ ಅಂದ್ಕೊಂಡಾನು” ಅಂದರು. ಆಮೇಲೆ ನೀವು ಬರುವ ದಿನ ಯಾವುದೆಂದು ಎರಡು ಸಲ ಕೇಳಿದರು. ಕುಂಟುಗಾಲಿನವನಿಗೆ ಅಗಲ ದೋಣಿ ಬೇಕಂತೆ, ಅದಿರುವುದು ಅವರ ಹತ್ತಿರ ಮಾತ್ರವಂತೆ. ನಿಮ್ಮನ್ನು ಕರೆತರಲು ದೋಣಿಕಟ್ಟೆಗೆ ನಾನು ಬರುವುದಿಲ್ಲ, ಅವರೇ ಬರಲಿ. ಅವರು ಬಾಯಿ ಬಿಡುವವರಲ್ಲ. ನೀವೇ ಮೊದಲು ಅಣ್ಣಾ ಅನ್ನಿ.