ಎರಡು ಬ್ಯಾಟರಿ, ಒಂದು ಸ್ವಿಚ್ಚು

ತಾರೀಖು ೧೪, ಬುಧವಾರ
ದೋಣಿಯೊಳಗಿಂದ

ಕ್ಯಾಪ್ಟನ್ ಸಾಹೇಬರಿಗೆ,

ನಿಮ್ಮ ಅಡುಗೆಯವಳೂ ಹಗ್ಗ ಸುತ್ತುವವಳೂ ಕಾನೂನಿನ ಪ್ರಕಾರ ಇನ್ನೂ ಹೆಂಡತಿಯೂ ಆದವಳು ಬರೆಯುತ್ತಿದ್ದೇನೆ. ಬನ್ನಿ ಎಂದು ಕರೆಯಲು ಬರೆಯುತ್ತಿಲ್ಲ, ಹೆದರಬೇಡಿ. ಕರೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ಬ್ಯಾಟರಿಯ ವಿಷಯ ಹೇಳಿ ಮುಗಿಸುತ್ತೇನೆ.

ದೋಣಿ ಕೊಳ್ಳಲು ಒಪ್ಪಿದ ಡಾಕ್ಟರು ವೈರಿಂಗಿನ ನಕ್ಷೆ ಬೇಕೇ ಬೇಕು ಎಂದು ಕೂತಿದ್ದಾರೆ. ನಕ್ಷೆ ಇದ್ದದ್ದು ನಿಮ್ಮ ತಲೆಯಲ್ಲಿ. ಆ ತಲೆ ಒಂದೂವರೆ ವರ್ಷದಿಂದ ನಿಮ್ಮ ಅಕ್ಕನ ಮನೆಯಲ್ಲಿದೆ. ಹಾಗಾಗಿ ನಿನ್ನೆ ಬೆಳಿಗ್ಗೆ ಜೋಡಿ ಕನ್ನಡಕದ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅದೇ, ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ ಇಟ್ಟುಕೊಂಡು ಮೂರನೆಯದನ್ನು ಹುಡುಕುವ ಮುದುಕ.

ಅವರು ಮೆಟ್ಟಿಲ ಕೆಳಗಿನ ಹಲಗೆ ಬಿಚ್ಚಿ, ಟಾರ್ಚನ್ನು ನನ್ನ ಕೈಗೆ ಕೊಟ್ಟು ಪಾಠ ಶುರು ಮಾಡಿದರು. ಒಂದು ಬ್ಯಾಟರಿ ಎಂಜಿನ್ ಎಬ್ಬಿಸುವುದಕ್ಕೆ ಮಾತ್ರವಂತೆ. ಒಂದೇ ಕ್ಷಣ ಮೈಯೆಲ್ಲ ಬಲ ಹಾಕಿ ದೂಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಇನ್ನೊಂದು ಮನೆಯದು. ದೀಪ, ಫ್ಯಾನು, ಫ್ರಿಜ್ಜು, ನೀರಿನ ಪಂಪು, ರೇಡಿಯೊ ಎಲ್ಲಕ್ಕೂ ದಿನವಿಡೀ ಚೂರು ಚೂರಾಗಿ ಕೊಡುತ್ತಲೇ ಇರಬೇಕು. ಮೊದಲನೆಯದು ಗಂಡ, ಎರಡನೆಯದು ಹೆಂಡತಿ ಅಲ್ವಾ ಅಂದೆ. ಮುದುಕ ನಗಲಿಲ್ಲ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕದಿದ್ರೆ ಎರಡೂ ಬಾಳ್ತವಮ್ಮ, ಅಂದರು.

ಹಳೆಯ ಸ್ವಿಚ್ಚು ನೆನಪಿದೆಯಲ್ಲ? ನೀವೇ ಚೀಟಿ ಅಂಟಿಸಿದ್ದ ಆ ದುಂಡನೆಯದು: ಎಂಜಿನ್, ಮನೆ, ಎರಡೂ, ಬಂದ್. ಹಾಯಿ ಬಿಚ್ಚಿ ಎಂಜಿನ್ ಆರಿಸಿದ ಕೂಡಲೇ 'ಮನೆ'ಗೆ ತಿರುಗಿಸಬೇಕು ಎಂದು ನೀವು ಕಲಿಸಿದ್ದಿರಿ. 'ಎರಡೂ' ಯಾಕೆ ಮುಟ್ಟಬಾರದು ಎಂದು ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ನಮ್ಮ ಸಂಸಾರ ನಡೆದದ್ದೇ ಹಾಗೆ.

ದೋಣಿ ಕಲ್ಲಿಗೆ ಬಡಿದ ಆ ದಿನ ಮಧ್ಯಾಹ್ನ ಗಾಳಿ ಸತ್ತಿತ್ತು. ಪ್ರವಾಸಕ್ಕೆ ಬಂದಿದ್ದ ದಂಪತಿಯಲ್ಲಿ ಆ ಹೆಂಗಸು ಸೆಕೆಗೆ ಒಳಗೆ ಬಂದು ಮಲಗಿದ್ದರು. ಫ್ಯಾನು ಕುಂಟುತ್ತಿತ್ತು. ಇಬ್ಬರು ಎತ್ತಿದರೆ ಭಾರ ಹಗುರ ಎಂದುಕೊಂಡು ನಾನು ಸ್ವಿಚ್ಚನ್ನು 'ಎರಡೂ' ಎಂಬಲ್ಲಿಗೆ ತಿರುಗಿಸಿದೆ. ಫ್ಯಾನು ಜೋರಾಯಿತು. ನನಗೆ ಹೆಮ್ಮೆಯೇ ಆಯಿತು. ಮೂರು ತಾಸು ಮನೆ ಎರಡು ಬ್ಯಾಟರಿಯನ್ನೂ ಒಟ್ಟಿಗೆ ಉಂಡಿತು.

ಮುಂದಿನದು ನಿಮಗೆ ನಾನು ಹೇಳಬೇಕಾಗಿಲ್ಲ. ಸೆಳೆತ ನಮ್ಮನ್ನು ಬಂದರಿನ ಕಲ್ಲುಕಟ್ಟೆಯ ಕಡೆ ಒಯ್ಯುತ್ತಿತ್ತು. ಎಂಜಿನ್ನಿಗೆ ಹಾಕು ಎಂದು ನೀವು ಮೇಲಿನಿಂದ ಕೂಗಿದಿರಿ, ನಾನು ತಿರುಗಿಸಿದೆ, ನೀವು ಒತ್ತಿದಿರಿ. ಟಕ್ ಎಂದಿತು, ಅಷ್ಟೇ. ಎಂಜಿನ್ ಬ್ಯಾಟರಿ ತುಂಬಿದೆ, ತಂತಿಯೇ ಸಡಿಲವಾಗಿರಬೇಕು ಎಂದು ನೀವು ಹತ್ತು ನಿಮಿಷ ನಟ್ಟು ಬಿಗಿಮಾಡುತ್ತ ಕೂತಿರಿ. ಅಷ್ಟರಲ್ಲಿ ಕಲ್ಲು ಬಂತು. ಆ ಹೆಂಗಸಿನ ಮಣಿಕಟ್ಟು ಮುರಿಯಿತು, ನಿಮ್ಮ ಲೈಸೆನ್ಸು ಹೋಯಿತು.

ಬಂದರು ಕಚೇರಿಯಲ್ಲಿ ನೀವು ಹೇಳಿದ್ದು ಒಂದೇ ಮಾತು: ದೋಣಿ ನಂದು, ತಪ್ಪೂ ನಂದೇ. ನಾನು ಹೇಳಿದ್ದು ಮಾತ್ರ ಒಂದು ಪುಟ. ಬ್ಯಾಟರಿ ಅವರ ಕೆಲಸ, ಚಾರ್ಜು ನೋಡಿಲ್ಲ, ಮೊದಲಿನಿಂದಲೂ ಅಸಡ್ಡೆ. ಅದನ್ನೇ ಮನೆಯಲ್ಲೂ ಹಾಡಿದೆ, ನೀವು ಚೀಲ ಹೆಗಲಿಗೇರಿಸಿ ಹೊರಡುವವರೆಗೂ. ತಪ್ಪು ಮಾಡಿದವರ ಬಾಯಿಯೇ ಜೋರು ಅನ್ನುವುದು ಸುಮ್ಮನಲ್ಲ. ಆದರೆ ನಿನ್ನೆಯವರೆಗೂ ನನಗೆ ಆ ಸ್ವಿಚ್ಚಿನ ನೆನಪೇ ಇರಲಿಲ್ಲ, ನಂಬಿ.

ಮುದುಕ ಟಾರ್ಚು ಎತ್ತಿ ಹಿಡಿಯಲು ಹೇಳಿ ತುಂಬ ಹೊತ್ತು ಒಳಗೆ ನೋಡಿದರು. ಹಳೆಯ ಸ್ವಿಚ್ಚು ಅಲ್ಲಿರಲಿಲ್ಲ. ದೋಣಿಯ ತಳ ರಿಪೇರಿಗೆಂದು ದಡಕ್ಕೆಳೆದಿದ್ದಾಗ, ನೀವು ಹೋಗುವ ಹಿಂದಿನ ವಾರ, ಅಲ್ಲಿ ಮಂಡಿಯೂರಿ ಏನೋ ಮಾಡುತ್ತಿದ್ದಿರಿ. ನಾನು ಕೇಳಲಿಲ್ಲ. ಈಗ ಎರಡು ಬ್ಯಾಟರಿಗೂ ಬೇರೆ ಬೇರೆ ಸ್ವಿಚ್ಚು. ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಸೇರಿಸಿ ತುಂಬಿಸಿ, ಆರಿದೊಡನೆ ತಾನೇ ಬಿಡಿಸುವ ಒಂದು ಪುಟ್ಟ ಡಬ್ಬಿ. ಇದನ್ನ ಮಾಡಿದೋರು ತಿಳಿದೋರು ಕಣಮ್ಮ, ಗೊತ್ತಿಲ್ಲದೋರು ಏನು ತಿರುಗಿಸಿದ್ರೂ ಎಂಜಿನ್ ಬ್ಯಾಟರಿಯಿಂದ ಫ್ಯಾನಿಗೆ ದಾರಿನೇ ಇಲ್ಲ, ಅಂದರು.

ಅವತ್ತು ಎರಡೂ ಬ್ಯಾಟರಿ ಒಟ್ಟಿಗೆ ಸತ್ತಿದ್ದವು ಎಂದೆ. ಹಾಗಾದ್ರೆ ಹಳೇ ಸ್ವಿಚ್ಚು 'ಎರಡೂ' ಮೇಲಿತ್ತು, ಬ್ಯಾಟರಿಗೆ ಮೀಟರ್ ಇಟ್ಟ ಯಾರಿಗಾದ್ರೂ ಗೊತ್ತಾಗುತ್ತೆ, ಅಂದರು. ನೀವು ಆ ಸಂಜೆಯೇ ಮೀಟರ್ ಇಟ್ಟಿದ್ದು ನಾನು ನೋಡಿದ್ದೆ. ಗೊತ್ತಿದ್ದೂ ಸುಮ್ಮನೆ ಬೈಸಿಕೊಂಡಿರಿ. ಇನ್ನೊಂದು ಸಲ ನನ್ನಿಂದ ಆ ತಪ್ಪಾಗದ ಹಾಗೆ ಮಾಡಿಟ್ಟು ಹೋದಿರಿ. ಒಂದು ಮಾತು ಬೈದಿದ್ದರೆ ನನಗೆ ಇಷ್ಟು ಸುಸ್ತಾಗುತ್ತಿರಲಿಲ್ಲ.

ಸೋಮವಾರ ನಿಮ್ಮ ಲೈಸೆನ್ಸಿನ ಕೊನೆಯ ವಿಚಾರಣೆ. ನೀವು ಹೋಗಿ ಮತ್ತೆ ಅದೇ ಒಂದು ಮಾತು ಹೇಳಿ ಬರುತ್ತೀರಿ, ಲೈಸೆನ್ಸು ಕಾಯಂ ಆಗಿ ಹೋಗುತ್ತದೆ. ಹಾಗಾಗಬಾರದು. ಸ್ವಿಚ್ಚು ತಿರುಗಿಸಿದವಳು ನಾನು ಎಂದು ಕಚೇರಿಗೆ ಬರೆದುಕೊಟ್ಟಿದ್ದೇನೆ. ಮುದುಕ ಬರೆದುಕೊಟ್ಟ ನಕ್ಷೆಯನ್ನು ಡಾಕ್ಟರಿಗೆ ಇನ್ನೂ ಕೊಟ್ಟಿಲ್ಲ. ದೋಣಿ ಮಾರುವುದೋ ಬೇಡವೋ, ಲೈಸೆನ್ಸು ಕೈಗೆ ಬಂದ ಮೇಲೆ ನೀವೇ ಹೇಳಿ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ನೆನಪೇ ಇರಲಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿ. ಎಂಜಿನ್ ಟಕ್ ಎಂದಾಗ ನೀವು ಮೇಲಿನಿಂದ, ಇಷ್ಟು ಹೊತ್ತು ಸ್ವಿಚ್ಚು ಎಲ್ಲಿತ್ತು ಎಂದು ಕೇಳಿದಿರಿ. ಆಗಷ್ಟೇ 'ಎರಡೂ' ಎಂಬಲ್ಲಿಂದ ತಿರುಗಿಸಿದ ಕೈ ಇನ್ನೂ ಅದರ ಮೇಲೇ ಇತ್ತು. 'ಮನೆ'ಯ ಮೇಲಿತ್ತು ಎಂದು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದೆ. ನಿಜ ಹೇಳಿದ್ದರೆ ನೀವು ತಂತಿ ಹುಡುಕುತ್ತ ಕೂರದೆ ಆಗಲೇ ಲಂಗರು ಹಾಕುತ್ತಿದ್ದಿರಿ. ಮೀಟರ್ ಇಟ್ಟ ಸಂಜೆ ಇದೂ ನಿಮಗೆ ಗೊತ್ತಾಗಿದೆ. ಕಚೇರಿಗೆ ಕೊಟ್ಟ ಕಾಗದದಲ್ಲಿ ಇದನ್ನೂ ಬರೆದಿದ್ದೇನೆ. ಮನಸ್ಸು ಬದಲಾಗದಿರಲಿ ಎಂದು ಅದನ್ನು ಕೊಟ್ಟು ಬಂದ ಮೇಲೆಯೇ ನಿಮಗೆ ಬರೆಯಲು ಕೂತೆ.