ಅತ್ತೆಗೆ ಅಳಿಯನೇ ಪೋಷಕನಾದ ವಿಚಾರ

ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಮಂಜೂರು ಮಾಡುವ, ಅದಕ್ಕಿಂತ ಹೆಚ್ಚಾಗಿ ಮಾಡದಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಮಗಳನ್ನು ಮದುವೆ ಮಾಡಿಕೊಟ್ಟ ಮೂವತ್ತೇಳು ವರ್ಷದ ಹೆಂಗಸೊಬ್ಬಳು ಪರೀಕ್ಷಾ ಶುಲ್ಕಕ್ಕೆ ಸಹಾಯ ಬೇಡಿದರೆ, ಅವಳ ನಡತೆಗೆ ಹೊಣೆಯಾಗುವ ಗಂಡಸೊಬ್ಬನ ಸಹಿ ಬೇಕೆಂದು ತಮ್ಮ ಕಚೇರಿ ಕೇಳಿತು. ನನಗೆ ತಂದೆಯಿಲ್ಲ, ಗಂಡನಿಲ್ಲ, ಅಣ್ಣತಮ್ಮಂದಿರಿಲ್ಲ, ಗಂಡುಮಕ್ಕಳೂ ಇಲ್ಲ. ಇರುವವರು ಅಳಿಯ ಒಬ್ಬರೇ. ಅವರಿಂದ ಸಹಿ ಹಾಕಿಸಿ ಕಳಿಸಿದೆ. ಆಗ ತಾವು, 'ಅರ್ಜಿದಾರಳ ಪೋಷಕರು ಅನುಕೂಲಸ್ಥರಾಗಿರುವುದರಿಂದ ಸಹಾಯಧನ ಕೊಡಲು ಬರುವುದಿಲ್ಲ' ಎಂದು ಬರೆದಿರಿ. ನನ್ನ ದೂರು ಇಷ್ಟೇ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾನು ಬರೆದ ಚಿಕ್ಕ ಪತ್ರಗಳಾವುದಕ್ಕೂ ತಮ್ಮಿಂದ ಉತ್ತರ ಬರಲಿಲ್ಲವಾದ್ದರಿಂದ, ಉದ್ದವಾಗಿ ಬರೆದರೆ ಯಾರಾದರೂ ಓದಿಯಾರು ಎಂಬ ಆಸೆಯಿಂದ ಪತ್ರಿಕೆಯವರಲ್ಲಿ ಜಾಗ ಕೇಳಿಕೊಂಡಿದ್ದೇನೆ.

ನಾನು ತೊಂಡೇಬಾವಿಯವಳು. ಮಿಡಲ್ ಸ್ಕೂಲು ಮುಗಿಸಿದ ವರ್ಷವೇ ನನಗೆ ಮದುವೆಯಾಯಿತು. ಗಂಡ ತೀರಿಕೊಂಡ ಮೇಲೆ ಇದ್ದ ತುಂಡು ಹೊಲವನ್ನು ಊರಿನವರೊಬ್ಬರಿಗೆ ಬೆಳೆಯಲ್ಲಿ ಪಾಲು ಬರುವಂತೆ ವಾರಕ್ಕೆ ಕೊಟ್ಟು, ಬಂದ ರಾಗಿಯಲ್ಲಿ ಮಗಳು ಮಂಗಮ್ಮನನ್ನು ಸಾಕಿದೆ. ಜೊತೆಗೆ ಮಹಿಳಾ ಸಮಾಜದವರು ನಡೆಸುವ ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ, ಮೂಗು ಒರೆಸುವ ಕೆಲಸ ಮಾಡುತ್ತಿದ್ದೆ. ಒಂದು ದಿನ ಮೇಲಿನಿಂದ ಆಜ್ಞೆ ಬಂತು: ಇನ್ನು ಮುಂದೆ ಈ ಕೆಲಸಕ್ಕೆ ಎಸ್.ಎಸ್.ಎಲ್.ಸಿ. ಆದವರೇ ಆಗಬೇಕು. ಮೂಗು ಒರೆಸಲು ಎಸ್.ಎಸ್.ಎಲ್.ಸಿ. ಯಾಕೆಂದು ನಾನು ಕೇಳಲಿಲ್ಲ. ಸರ್ಕಾರ ಯೋಚಿಸಿಯೇ ಮಾಡಿರುತ್ತದೆ. ಸಮಾಜದ ಅಧ್ಯಕ್ಷೆ ಲಕ್ಷ್ಮೀನರಸಮ್ಮನವರು, "ಪಾಸು ಮಾಡ್ಕೊಂಡು ಬಾ ಗಂಗುಲಮ್ಮ. ಅಲ್ಲೀವರ್ಗೂ ಈ ಜಾಗಕ್ಕೆ ಯಾರನ್ನೂ ಖಾಯಂ ಮಾಡ್ದಂಗೆ ನೋಡ್ಕೋತೀನಿ" ಅಂದರು. ನಾನೂ ನಂಬಿದೆ. ಮಂಗಮ್ಮನ ಮದುವೆ ಅದೇ ವರ್ಷ ಆಗಿತ್ತು. ಅವಳನ್ನು ಗಂಡನ ಮನೆಗೆ ಕಳಿಸಿ, ನಾನು ಗೌರಿಬಿದನೂರಿನ ಹೈಸ್ಕೂಲಿಗೆ ಹೊರಟೆ.

ಅಲ್ಲಿಯ ಹೆಡ್‌ಮಾಸ್ತರರು ನನಗಿಂತ ಎರಡು ವರ್ಷ ಚಿಕ್ಕವರು. ನನ್ನನ್ನು ಸೇರಿಸಿಕೊಳ್ಳುವುದು ಬಿಡುವುದು ತಿಳಿಯದೆ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕನಿಷ್ಠ ವಯಸ್ಸು ಬರೆದಿತ್ತು. ಗರಿಷ್ಠ ವಯಸ್ಸು ಬರೆಯಬೇಕೆಂದು ಯಾವ ಅಧಿಕಾರಿಗೂ ಹೊಳೆದಿರಲಿಲ್ಲ. ತಮ್ಮ ಇಲಾಖೆಯ ಆ ಮರೆವಿಗೆ ನಾನು ಋಣಿ. ಮೊದಲ ದಿನ ಕ್ಲಾಸಿಗೆ ಕಾಲಿಟ್ಟ ಕೂಡಲೇ ಹುಡುಗಿಯರೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರು. "ಕೂತ್ಕೊಳ್ರಮ್ಮ" ಅಂದೆ, ಕೂತರು. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾಗ ಅವರಿಗಾದ ಗಾಬರಿ ಅಷ್ಟಿಷ್ಟಲ್ಲ. ರೈಲಿನಲ್ಲಂತೂ ನನ್ನ ಕೈಚೀಲ ನೋಡಿ, "ಮಗಳಿಗೆ ಬುತ್ತಿ ತಗೊಂಡ್ ಹೋಗ್ತಿದ್ದೀರೇನಮ್ಮ?" ಎಂದು ಕೇಳದವರಿಲ್ಲ. ಹೌದೆನ್ನುತ್ತಿದ್ದೆ. ಚೀಲದಲ್ಲಿ ಭೂಗೋಳದ ಪುಸ್ತಕವಿದೆಯೆಂದು ಹೇಳಿದರೆ ಗೌರಿಬಿದನೂರು ಬರುವವರೆಗೂ ವಿವರಿಸಬೇಕಾಗುತ್ತಿತ್ತು.

ಶಿಶುವಿಹಾರದಲ್ಲಿ ಉಳಿಸಿದ ಹಣದಲ್ಲಿ ಎರಡು ವರ್ಷ ಓದಿದೆ. ಮೂರನೆಯ ವರ್ಷಕ್ಕೆ ಅದು ಬರಿದಾಯಿತು. ಮನೆಯಲ್ಲಿ ರಾಗಿಯಿತ್ತು, ಆದರೆ ರೈಲಿನವರಾಗಲಿ ಪುಸ್ತಕದಂಗಡಿಯವರಾಗಲಿ ರಾಗಿ ಅಳೆಸಿಕೊಳ್ಳುವುದಿಲ್ಲ. ಪೆಟ್ಟಿಗೆಯಲ್ಲಿ ಇನ್ನೊಂದಿಷ್ಟು ಹಣವೂ ಇತ್ತು. ಅದು ಮಗಳ ಮೊದಲ ಬಾಣಂತನಕ್ಕೆಂದು ತೆಗೆದಿಟ್ಟದ್ದು. ಅದನ್ನು ಮುಟ್ಟುವ ಹಾಗಿರಲಿಲ್ಲ. ಆಗ, ಮಾನ್ಯರೇ, ತಮ್ಮ ಕಚೇರಿಯ ಸಹಾಯಧನದ ಅರ್ಜಿಯನ್ನು ಹೆಡ್‌ಮಾಸ್ತರರು ನನ್ನ ಕೈಗೆ ಕೊಟ್ಟರು.

ಆ ಅರ್ಜಿಯ ಕೊನೆಯಲ್ಲಿ ಪೋಷಕರು ಒಪ್ಪಿ ಸಹಿ ಮಾಡಬೇಕಾದ ಒಂದು ಒಕ್ಕಣೆಯಿದೆ: 'ಮೇಲ್ಕಂಡ ಬಾಲಕಿಯು ನನ್ನ ಆಶ್ರಯದಲ್ಲಿದ್ದು, ಆಕೆಯ ನಡತೆ, ಹಾಜರಿ ಮತ್ತು ವ್ಯಾಸಂಗಕ್ಕೆ ನಾನೇ ಹೊಣೆಗಾರನಾಗಿರುತ್ತೇನೆ.' ಮಾನ್ಯರೇ, ತಮಗೆ ಮದುವೆಯಾಗಿದ್ದರೆ ಅತ್ತೆಯೆಂಬುವರೊಬ್ಬರು ಇದ್ದೇ ಇರುತ್ತಾರೆ. ಒಂದು ಗಳಿಗೆ ಅವರನ್ನು ನೆನೆದು ಈ ವಾಕ್ಯವನ್ನು ಇನ್ನೊಮ್ಮೆ ಓದಿ. ನನ್ನ ಅಳಿಯ ಹನುಮಂತರಾಯಪ್ಪನವರು ಗೌರಿಬಿದನೂರಿನ ಒಂದು ಮಂಡಿಯಲ್ಲಿ ಗುಮಾಸ್ತರು. ಮದುವೆಯಾದಾಗಿನಿಂದ ನನ್ನೆದುರು ತಲೆಯೆತ್ತಿದವರಲ್ಲ. ನಾನು ಅವರ ಮನೆಗೆ ಹೋದರೆ ಅವರು ಹಜಾರದಲ್ಲಿ, ನಾನು ಅಡುಗೆಮನೆಯ ಬಾಗಿಲ ಹಿಂದೆ. ಏನಿದ್ದರೂ ಮಗಳ ಮೂಲಕವೇ ಮಾತು. ಒಕ್ಕಣೆ ಓದಿದವರೇ ಎದ್ದು ನಿಂತುಬಿಟ್ಟರು.

"ಮಂಗಾ, ಇದು ನನ್ ಕೈಲಾಗಲ್ಲ. ಅತ್ತೆಯವ್ರನ್ನ ಬಾಲಕಿ ಅಂತ ಒಪ್ಕೊಂಡ್ರೆ ನಮ್ಮಮ್ಮ ನನ್ನ ಮನೆಗೆ ಸೇರ್ಸಲ್ಲ."

ನಾನು ಬಾಗಿಲ ಹಿಂದಿನಿಂದ ಅಂದೆ: "ಮಂಗಾ, ಬರೀ ಕಾಗದ ಕಣಮ್ಮ. ಹಾಕಕ್ಕೆ ಹೇಳು."

"ನಡತೆಗೆ ಹೊಣೆ ಅಂತ ಬರ್ದೈತೆ! ಅವ್ರ ನಡತೆಗೆ ನಾನ್ಯಾರು ಅಂತ ಕೇಳೇ!"

ಮಂಗಮ್ಮ ನಡುವೆ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಕೊನೆಗೆ ಅಳಿಯಂದಿರು ಕಣ್ಣು ಮುಚ್ಚಿ ಸಹಿ ಹಾಕಿದರು. ಹಾಕಿದವರೇ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಕಾಲಿಗೆ ನಮಸ್ಕರಿಸಿ ಮಂಡಿಯ ಕೆಲಸಕ್ಕೆ ಓಡಿದರು. ತಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ಪೋಷಕನು ಸಹಿ ಮಾಡಿ ಬಾಲಕಿಯ ಕಾಲಿಗೆ ಬಿದ್ದಂಥವು ಇನ್ನೆಷ್ಟಿವೆ?

ಪೋಷಕರೆಂದ ಮೇಲೆ ಕರ್ತವ್ಯಗಳೂ ಬಂದವು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ನನಗೆ ನೂರಕ್ಕೆ ಹನ್ನೊಂದು ಬಂದದ್ದೇ ತಡ, ಹೆಡ್‌ಮಾಸ್ತರರು ಶಾಲೆಯ ಪದ್ಧತಿಯಂತೆ ಪೋಷಕರಿಗೆ ಹೇಳಿಕಳಿಸಿದರು. ಅಳಿಯಂದಿರು ಮಂಡಿಯಲ್ಲಿ ರಜೆ ಕೇಳಿ, ಒಗೆದ ಪಂಚೆಯುಟ್ಟು ಬಂದರು. ಮೇಜಿನ ಈಚೆ ಅವರು, ಬಾಗಿಲ ಬಳಿ ತಲೆ ತಗ್ಗಿಸಿ ನಾನು.

"ನೋಡಿ, ನಿಮ್ಮ ಹುಡುಗಿ... ಅಂದರೆ, ನಿಮ್ಮ ಕಡೆಯವರು... ಬೀಜಗಣಿತದಲ್ಲಿ ತುಂಬ ಹಿಂದೆ ಇದ್ದಾರೆ. ಮನೆಯಲ್ಲಿ ಸ್ವಲ್ಪ ಗದರಿಸಿ ಓದಿಸಬೇಕು" ಎಂದರು ಹೆಡ್‌ಮಾಸ್ತರರು.

"ಯಾರ್ನ ಸಾರ್? ನಾನಾ?" ಎಂದು ಅಳಿಯಂದಿರು ನಡುಗಿದರು.

ನನಗೆ ನಗು ಬಂತು, ಕೂಡಲೇ ನಾಚಿಕೆಯೂ ಆಯಿತು. ಇಪ್ಪತ್ತಮೂರರ ಆ ಮನುಷ್ಯ ನನ್ನ ದಡ್ಡತನಕ್ಕಾಗಿ ಕೈಕಟ್ಟಿ ನಿಂತಿದ್ದರಲ್ಲ! ಸ್ಟೇಷನ್ನಿನವರೆಗೆ ನನ್ನಿಂದ ಮಾರು ದೂರದಲ್ಲೇ ಬಂದರು. ರೈಲು ಕಾಣಿಸಿದ ಮೇಲೆ, ಮಂಗಮ್ಮ ಜೊತೆಗಿಲ್ಲದೆ ಬೇರೆ ದಾರಿಯಿಲ್ಲವಾಗಿ, ನನ್ನೊಂದಿಗೆ ಮೊದಲ ಬಾರಿ ನೇರವಾಗಿ ಮಾತಾಡಿದರು: "ಅತ್ತೆ, ಬೀಜಗಣಿತ ನನಗೆ ಬತ್ತದೆ. ಭಾನುವಾರ ಭಾನುವಾರ ಬನ್ನಿ, ಹೇಳ್ಕೊಡ್ತೀನಿ. ಗದರ್ಸಲ್ಲ." ಅಂದಿನಿಂದ ಭಾನುವಾರಗಳಲ್ಲಿ ಅವರು ಹಜಾರದಲ್ಲಿ ಕೂತು ಲೆಕ್ಕ ಹೇಳುವರು, ನಾನು ಹೊಸ್ತಿಲಾಚೆ ಕೂತು ಸ್ಲೇಟಿನ ಮೇಲೆ ಬಿಡಿಸುವೆ. ತಪ್ಪಾದರೆ "ಮಂಗಾ, ಮೈನಸ್ ಬಿಟ್ಟವ್ರೆ ಅಂತ ಹೇಳು" ಎಂಬಷ್ಟಕ್ಕೇ ಗದರಿಕೆ ಮುಗಿಯುತ್ತಿತ್ತು.

ಇಂಥ ಕರ್ತವ್ಯನಿಷ್ಠ ಪೋಷಕರನ್ನು ತಾವು ಒದಗಿಸಿದ್ದೀರೆಂದು ನಾನು ಕೃತಜ್ಞಳಾಗಿರುವಾಗಲೇ ತಮ್ಮ ತಿರಸ್ಕಾರ ಪತ್ರ ಬಂತು. ಅಳಿಯಂದಿರ ಸಂಬಳ ತಮ್ಮ ಮಿತಿಗಿಂತ ತುಸು ಮೇಲಂತೆ. ಆ ಸಂಬಳದಲ್ಲಿ ಅವರ ತಾಯಿ, ಹೆಂಡತಿ, ಬಾಡಿಗೆ ಎಲ್ಲವೂ ನಡೆಯಬೇಕು. ಅದರಲ್ಲಿ ಅತ್ತೆಯ ಓದಿಗೂ ಪಾಲಿದೆಯೆಂದು ತಮಗೆ ಯಾರು ಹೇಳಿದರು? ಇದನ್ನೇ ಕೇಳಲು ನಾನೂ ಅಳಿಯಂದಿರೂ ಬಸ್ಸು ಹಿಡಿದು ತಮ್ಮ ಕಚೇರಿಗೆ ಬಂದೆವು. ತಾವು ಕ್ಯಾಂಪಿನಲ್ಲಿದ್ದಿರಿ. ತಮ್ಮ ಕಚೇರಿಯ ಗುಮಾಸ್ತರು ಫೈಲು ನೋಡಿ, "ಸರಿ, ಹುಡುಗಿನ ಒಳಗೆ ಕರೀರಿ" ಎಂದರು.

"ನಾನೇ ಸ್ವಾಮಿ ಹುಡುಗಿ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಬಹಳ ಸಮಾಧಾನದಿಂದಲೇ ವಿವರಿಸಿದರು. "ನೋಡಿಮ್ಮ, ಈ ಪೋಷಕರ ಆದಾಯ ಜಾಸ್ತಿ. ಬೇರೆ ಪೋಷಕರ ಹೆಸ್ರು ಕೊಡಿ."

"ಬೇರೆ ಯಾರೂ ಇಲ್ವಲ್ಲ."

"ಪೋಷಕರಿಲ್ದೆ ಇರೋ ಅರ್ಜಿ ನಾವು ತಗೊಳ್ಳಲ್ಲ. ಅನಾಥರಿಗೆ ಬೇರೆ ಕಾಲಂ ಇದೆ. ಇವ್ರೇನಾದ್ರೂ ತೀರ್ಕೊಂಡಿದ್ರೆ ಅದರಲ್ಲಿ ಹಾಕಿ ಸುಲಭವಾಗಿ ಮಾಡ್ಕೊಡ್ಬೋದಾಗಿತ್ತು."

ಅಳಿಯಂದಿರು ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಮಗಳು ಆಗ ಬಸುರಿ. ಅಳಿಯನನ್ನು ಕೊಂದು ಎಸ್.ಎಸ್.ಎಲ್.ಸಿ. ಪಾಸು ಮಾಡುವಷ್ಟು ವಿದ್ಯಾದಾಹ ನನಗಿಲ್ಲವೆಂದು ಹೇಳಿ ಹೊರಗೆ ಬಂದೆ. ದಾರಿಯುದ್ದಕ್ಕೂ ಅಳಿಯಂದಿರು, "ನಾನೇ ಶುಲ್ಕ ಕಟ್ತೀನಿ ಅತ್ತೆ" ಎನ್ನುತ್ತಲೇ ಇದ್ದರು. ಮಗಳನ್ನು ಕೊಟ್ಟ ಮನೆಯಿಂದ ಹಣ ಈಸಿಕೊಂಡು ಓದಲು ನನ್ನ ಮನಸ್ಸು ಒಪ್ಪಲಿಲ್ಲ. ಓದು ನಿಲ್ಲಿಸುತ್ತೇನೆಂದು ಮಗಳಿಗೆ ಹೇಳಿದೆ. ಅವಳು ಹಿಟ್ಟು ತೊಳಸುವುದನ್ನು ನಿಲ್ಲಿಸಲೂ ಇಲ್ಲ.

"ನನ್ ಬಾಣಂತನಕ್ಕೆ ಇಟ್ಟಿರೋ ದುಡ್ಡೈತಲ್ಲ, ಅದನ್ನ ಕಟ್ಟು."

"ಥೂ, ಬಾಯಿ ಮುಚ್ಚೇ. ಚೊಚ್ಚಲಿಗೆ ತವರಿಗೆ ಕರ್ಕೊಂಡೋಗ್ಲಿಲ್ಲ ಅಂದ್ರೆ ಜನ ಏನಂತಾರೆ?"

"ಜನ ಬಂದು ನಿನ್ ಪರೀಕ್ಷೆ ಬರೀತಾರಾ? ನಾನು ಇಲ್ಲೇ ಸರ್ಕಾರಿ ಆಸ್ಪತ್ರೆಲಿ ಹೆರ್ತೀನಿ. ನೀನೇ ಇಲ್ಲಿಗ್ ಬಂದಿರು. ನಿನ್ ಪರೀಕ್ಷೇನೂ ಇಲ್ಲೇ, ಮಗೂನೂ ಇಲ್ಲೇ. ಮಗು ಹುಟ್ಟಕ್ಕೆ ಯಾರ ಸಹೀನೂ ಬೇಕಿಲ್ಲ ಕಣಮ್ಮ."

ಶುಲ್ಕ ಕಟ್ಟಿದ ದಿನ ನಾನು ಕ್ಲಾಸಿಗೆ ಹೋಗಲಿಲ್ಲ. ಶಾಲೆಯ ಹಿಂದೆ ಹೊಂಗೆ ಮರದ ಕೆಳಗೆ ಕೂತಿದ್ದೆ. ಮಗಳ ಬಾಯಿಗೆ ಬೀಳಬೇಕಾದ ತುಪ್ಪ, ಕೊಬ್ಬರಿ, ಬೆಲ್ಲವನ್ನೆಲ್ಲ ಶುಲ್ಕ ಕಟ್ಟುವ ಕಿಟಕಿಯೊಳಗೆ ಕೊಟ್ಟು ಬಂದಿದ್ದೆ. ಈ ಪತ್ರವನ್ನು ಇಲ್ಲಿಯವರೆಗೆ ನಗುತ್ತ ಓದಿದ್ದರೆ ಇದೊಂದು ಸಾಲನ್ನು ಮಾತ್ರ ನಗದೆ ಓದಬೇಕೆಂದು ಕೋರುತ್ತೇನೆ.

ಮಗು ತನ್ನ ಹುಟ್ಟಿಗೆ ಆರಿಸಿಕೊಂಡದ್ದು ಗಣಿತದ ಪರೀಕ್ಷೆಯ ದಿನವನ್ನು. ಬೆಳಗ್ಗೆ ನೋವು ಶುರುವಾಯಿತು. ನಾನು ಹೊರಡುವುದಿಲ್ಲವೆಂದೆ. ಮಂಗಮ್ಮ ಹಲ್ಲು ಕಚ್ಚಿಕೊಂಡು, "ನೀನು ಹೋಗ್ದಿದ್ರೆ ನಾನು ಹೆರಲ್ಲ ನೋಡು" ಎಂದು ಹೆದರಿಸಿದಳು. ಬೀಗಿತ್ತಿಯನ್ನು ಅವಳ ಬಳಿ ಬಿಟ್ಟು ಹೋದೆ. ಎರಡನೆಯ ಗಂಟೆ ಬಾರಿಸಿದ ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಗಲಾಟೆ ಕೇಳಿಸಿತು.

"ಒಳಗಡೆ ಬಿಡಪ್ಪಾ, ನಾನು ಗಂಗುಲಮ್ಮನವ್ರ ಪೋಷಕ!"

"ಪೋಷಕರೆಲ್ಲ ಗೇಟಿನ ಹೊರಗೇ ನಿಲ್ಬೇಕು" ಎಂದ ಜವಾನ.

ಮರುಕ್ಷಣ ಕಾಂಪೌಂಡಿನ ಮೇಲೆ ನನ್ನ ಅಳಿಯಂದಿರ ತಲೆ ಕಾಣಿಸಿತು. ಮೂರು ವರ್ಷ ನನ್ನೆದುರು ದನಿ ಎತ್ತಿದವರಲ್ಲ, ಅಂದು ಇಡೀ ಗೌರಿಬಿದನೂರಿಗೆ ಕೇಳುವಂತೆ ಕೂಗಿದರು: "ಅತ್ತೇ! ಹೆಣ್ಣು ಮಗು! ಇಬ್ರೂ ಚೆನ್ನಾಗವ್ರೆ! ನೀವು ಪೂರ್ತಿ ಬರ್ದೇ ಬನ್ನಿ! ಮೈನಸ್ ಬಿಡ್ಬೇಡಿ!"

ಪರೀಕ್ಷಾ ಕೊಠಡಿಯ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಮೇಲ್ವಿಚಾರಕರು ಮಾತ್ರ 'ಹೆಣ್ಣು ಮಗು' ಎಂಬುದು ಯಾವುದೋ ಲೆಕ್ಕದ ಗುಪ್ತ ಉತ್ತರವಿರಬೇಕೆಂದು ನನ್ನ ಡೆಸ್ಕನ್ನು ಶೋಧಿಸಿದರು. ಏನೂ ಸಿಗಲಿಲ್ಲ. ನಾನು ಕಣ್ಣೊರೆಸಿಕೊಂಡು ಪೂರ್ತಿ ಬರೆದೇ ಎದ್ದೆ.

ಫಲಿತಾಂಶ ಬಂದಿದೆ. ಪಾಸಾಗಿದ್ದೇನೆ, ಮೂರನೆಯ ದರ್ಜೆ. ಲಕ್ಷ್ಮೀನರಸಮ್ಮನವರು ಮಾತು ಉಳಿಸಿಕೊಂಡರು. ಈಗ ಅಧಿಕೃತವಾಗಿಯೇ ಮೂಗು ಒರೆಸುತ್ತಿದ್ದೇನೆ. ಮೊದಲ ತಿಂಗಳ ಹಣದಲ್ಲಿ ಮಗಳಿಗೆ ತುಪ್ಪ, ಕೊಬ್ಬರಿ ಕೊಂಡೊಯ್ದೆ. ಬಾಣಂತನ ತಡವಾಯಿತೆಂದು ಅವಳೇನೂ ಬೇಡವೆನ್ನಲಿಲ್ಲ. ಆದ್ದರಿಂದ ಮಾನ್ಯರೇ, ನನಗೆ ತಮ್ಮ ಹಣ ಬೇಡ. ಬೇಕಾದದ್ದು ಅರ್ಜಿಯಲ್ಲಿ ಒಂದು ಸಾಲು: ವಯಸ್ಸಿಗೆ ಬಂದವರು ತಮ್ಮ ಓದಿಗೆ ತಾವೇ ಸಹಿ ಮಾಡಬಹುದು, ಅವರ ಕೈಗೆ ಬರುವ ಆದಾಯವನ್ನೇ ಅವರ ಆದಾಯವೆಂದು ಹಿಡಿಯತಕ್ಕದ್ದು. ಮತ ಹಾಕುವಾಗ ನನ್ನ ಬೆರಳಿಗೆ ಮಸಿ ಹಚ್ಚುವ ಸರ್ಕಾರ ಯಾವ ಪೋಷಕರನ್ನೂ ಕರೆತಾ ಎನ್ನುವುದಿಲ್ಲ. ಸರ್ಕಾರವನ್ನೇ ಆರಿಸಬಲ್ಲವಳು ಒಂದು ಗಣಿತದ ಪುಸ್ತಕಕ್ಕೆ ತಾನೇ ಅರ್ಜಿ ಹಾಕಲಾರಳೇ?

ಬೇಗ ಮಾಡಿ ಎನ್ನಲು ಕಾರಣವಿದೆ. ಈ ವರ್ಷ ಅದೇ ಶಾಲೆಗೆ ಕೈವಾರದ ಕಡೆಯ ಕೊಂಡಮ್ಮ ಎಂಬ ಹೆಣ್ಣುಮಗಳು ಸೇರಿದ್ದಾಳೆ. ಗಂಡ ಬಿಟ್ಟುಹೋಗಿದ್ದಾನೆ, ತವರಿನಲ್ಲಿ ಗಂಡಸರಿಲ್ಲ, ಕಂಕುಳಲ್ಲಿ ಮೂರು ವರ್ಷದ ಮಗಳಿದ್ದಾಳೆ. ತಮ್ಮ ಅರ್ಜಿ ಹಿಡಿದು, "ಅಕ್ಕಾ, ಇದ್ರಾಗೆ ಯಾರ್ ಕೈಲಿ ಸೈನ್ ಹಾಕ್ಸಲಿ?" ಎಂದು ನನ್ನನ್ನು ಕೇಳಿದಳು. ಅಳಿಯ ಬರುವವರೆಗೆ ಕಾಯಿ ಎಂದು ಹೇಳಲೇ?

ಇಂತಿ, ಯಾರ ಮೇಲುಸಹಿಯೂ ಇಲ್ಲದೆ,
ಗಂಗುಲಮ್ಮ, ಎಸ್.ಎಸ್.ಎಲ್.ಸಿ. (ಮೂರನೆಯ ದರ್ಜೆ)
ತೊಂಡೇಬಾವಿ, ಜುಲೈ ೧೯೬೪