ಮಂಗಳವಾರದ ಎರಡು ಸಾಲುಗಳು

ತುಮಕೂರಿನ ನಮ್ಮ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಕ್ಯಾನ್ಸರ್ ವಿಭಾಗ ಮಂಗಳವಾರ ಬೆಳಿಗ್ಗೆ, ಮನೋರೋಗ ವಿಭಾಗವೂ ಮಂಗಳವಾರ ಬೆಳಿಗ್ಗೆ ಎಂದು ತಮ್ಮ ಹೊಸ ವೇಳಾಪಟ್ಟಿ ಸಾರುತ್ತಿದೆ. ಒಂದು ಹಳೇ ಕಟ್ಟಡದಲ್ಲಿ, ಇನ್ನೊಂದು ಹೊಸ ಕಟ್ಟಡದಲ್ಲಿ. ನನಗೆ ಎರಡೂ ಬೇಕು. ನಾನು ಕುಣಿಗಲ್–ತುಮಕೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಎಂಥ ನೂಕುನುಗ್ಗಲಿನಲ್ಲೂ ಒಬ್ಬನೇ ಪ್ರಯಾಣಿಕನನ್ನು ಒಂದೇ ಹೊತ್ತಿಗೆ ಎರಡು ಬಸ್ಸಿಗೆ ಹತ್ತಿಸುವ ಜಾಣತನ ನನಗೆ ಬರಲಿಲ್ಲ. ತಮಗೆ ಬಂದಿದೆ. ಅಭಿನಂದನೆಗಳು.

ಕ್ಯಾನ್ಸರ್ ರೋಗಿಗೆ ಮನಸ್ಸಿನ ಮಾತ್ರೆ ಯಾಕೆ ಎಂದು ತಾವು ಕೇಳಬಹುದು. ಕೇಳಬಹುದೇನು, ದೂರು ಹೇಳಲು ಬಂದಾಗ ಕೇಳಿಯೇ ಬಿಟ್ಟಿರಿ. "ಕ್ಯಾನ್ಸರ್ ಅಂದ್ಮೇಲೆ ಬೇಜಾರು ಇದ್ದಿದ್ದೇ ಅಲ್ವೇನ್ರೀ? ದೇವರಾಯನದುರ್ಗಕ್ಕೆ ಹೋಗ್ಬನ್ನಿ, ಸರಿಹೋಗುತ್ತೆ." ಕ್ಯಾನ್ಸರ್ ಅಂದಮೇಲೆ ನೋವೂ ಇದ್ದದ್ದೇ ತಾನೇ? ಅದಕ್ಕೆ ಮಾತ್ರ ಮಾತ್ರೆ ಯಾಕೆ ಕೊಡುತ್ತೀರಿ? ಅದಕ್ಕೂ ಒಂದು ಬೆಟ್ಟ ತೋರಿಸಬಾರದೇ? ಅಂದಹಾಗೆ, ರೋಗ ಗೊತ್ತಾದ ಹೊಸದರಲ್ಲೇ ದುರ್ಗಕ್ಕೆ ಹೋಗಿದ್ದೆ. ಮೆಟ್ಟಿಲ ಮೇಲೆ ಒಂದು ಕೋತಿ ಕೈಯಲ್ಲಿದ್ದ ಹಣ್ಣುಕಾಯಿ ಕಿತ್ತುಕೊಂಡಿತು. ಅರ್ಧ ತಾಲ್ಲೂಕನ್ನು ಗದರಿಸಿದ ಬಾಯಿ ನನ್ನದು. ಅವತ್ತು "ಹಚಾ" ಅನ್ನಲೂ ಮನಸ್ಸಾಗಲಿಲ್ಲ.

ನನ್ನ ಹೆಂಡತಿ ನಿಂಗಮ್ಮನಿಗೆ ಆಗಲೇ ಅನುಮಾನ. ಮದುವೆಯಾದಾಗಿನಿಂದ ನಾನು ಸಾರಿಗೆ ಹೆಸರಿಡದೆ ಉಂಡವನಲ್ಲ. ಪರೀಕ್ಷೆ ಮಾಡಲೆಂದೇ ಅವಳು ಒಂದು ದಿನ ಉಪ್ಪು ಹಾಕದೆ ಬಡಿಸಿದಳು. ನಾನು ಮುದ್ದೆ ಮುರಿದು ನುಂಗಿ, ಸುಮ್ಮನೆ ಕೈ ತೊಳೆದೆ. ಮರುದಿನ ಕ್ಯಾನ್ಸರ್ ಡಾಕ್ಟರ ಮುಂದೆ ಅತ್ತಳು. "ಉಪ್ಪಿಲ್ದಿದ್ ಸಾರು ಉಂಡ್ರೂ ಬೈಲಿಲ್ಲ ಕಣ್ ಸಾರ್! ಇವ್ರ್ಗೆ ಏನೋ ಆಗೈತೆ, ಏನಾದ್ರೂ ಮಾಡಿ."

ಆ ಡಾಕ್ಟರು ನಗಲಿಲ್ಲ. ಖಿನ್ನತೆ ಇರಬಹುದೆಂದು ಮನೋವೈದ್ಯರ ಬಳಿ ಕಳಿಸಿದರು. ಇಬ್ಬರೂ ಮಾತಾಡಿಕೊಂಡು, ಕೀಮೋ ಜೊತೆ ಜಗಳ ತೆಗೆಯದಂಥ ಮಾತ್ರೆ ಬರೆದುಕೊಟ್ಟರು. ಎಲ್ಲರಿಗೂ ಇದೇ ಒಗ್ಗಬೇಕೆಂದಿಲ್ಲ, ಅವಸರ ಬೇಡ ಎಂದೂ ಹೇಳಿದರು. ಕೆಲವು ವಾರ ಏನೂ ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ, "ಇದೇನೇ ಇದು, ಸಾರೋ ಕಲಗಚ್ಚೋ?" ಎಂದುಬಿಟ್ಟೆ. ನಿಂಗಮ್ಮ ಸೌಟು ಹಿಡಿದುಕೊಂಡೇ ಅಳುತ್ತಾ ನಕ್ಕಳು. ನನ್ನ ಬೈಗುಳಕ್ಕೆ ಅಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ.

ಈಗ ತಮ್ಮ ವೇಳಾಪಟ್ಟಿ ಬಂದಿದೆ. ಕೀಮೋ ಮುಗಿಸಿ ಹೊರಬರುವಷ್ಟರಲ್ಲಿ ಮನೋರೋಗ ವಿಭಾಗಕ್ಕೆ ಬೀಗ. ಆ ವೈದ್ಯರ ಚೀಟಿ ಇಲ್ಲದೆ ಮಾತ್ರೆ ಕೊಡುವುದಿಲ್ಲ. ನನ್ನ ಮಾತ್ರೆ ಮುಗಿದಿದೆ, ನನಗೆ ಭಯವಾಗುತ್ತಿದೆ ಸ್ವಾಮಿ. ಕಳೆದ ಮಂಗಳವಾರ ಕೀಮೋ ಸಾಲಿನಲ್ಲಿ ಕೂತಿದ್ದಾಗ, ಇದೆಲ್ಲ ಯಾರಿಗೆ ಬೇಕು, ಎದ್ದು ಹೋಗಿಬಿಡೋಣ ಅನ್ನಿಸಿತು. ಎದ್ದೂ ಬಿಟ್ಟೆ. ನಿಂಗಮ್ಮ ಶರಟು ಹಿಡಿದು ಜಗ್ಗಿ ಕೂರಿಸಿದಳು.

ಆದ್ದರಿಂದ ಮನೋವೈದ್ಯರಿಗೆ ಕ್ಯಾನ್ಸರ್ ವಿಭಾಗದಲ್ಲೇ ಒಂದು ಕುರ್ಚಿ ಹಾಕಿಸಿ. ಆಗದಿದ್ದರೆ ಒಂದು ವಿಭಾಗದ ದಿನವನ್ನಾದರೂ ಬದಲಿಸಿ. ಬರುವ ಮಂಗಳವಾರದೊಳಗೆ ಆಗಬೇಕು. ಅವತ್ತು ನಾನು ಯಾವ ಸಾಲಿನಲ್ಲೂ ಕಾಣದಿದ್ದರೆ, ರೋಗಿ ಗುಣವಾದ ಎಂದು ಬರೆದುಕೊಳ್ಳಬೇಡಿ.

ಇಂತಿ,
ಬೈಯಲು ಇನ್ನೂ ಮನಸ್ಸಿರುವಾಗಲೇ ಬರೆದ,
ಭೀಮರಾಜ್
ನಿವೃತ್ತ ಕಂಡಕ್ಟರ್, ಕುಣಿಗಲ್